ಮಳೆಗಾಲ ಶುರುವಾದ ಮೇಲೆ ಟ್ಯಾಂಬೂರ್ ಬಾಗಿಲು ತಿರುವಿನಲ್ಲಿ ಸಿಕ್ಕಿಕೊಳ್ತದೆ: ಪಟ್ಟಿ ಕೀಸಬೇಕಾ, ಗ್ರೂವ್ ಅಗಲ ಮಾಡಬೇಕಾ?

ಬ್ರಹ್ಮಾವರದ ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಕ್ರಾಕರಿ ಕಪಾಟು ಮಾಡಿದ್ದೇನೆ. ಎರಡೂ ಮೂಲೆ ಗುಂಡು, ಬಾಗಿಲು ಟ್ಯಾಂಬೂರ್. ಅಂದರೆ ಸಪೂರ ಪಟ್ಟಿಗಳನ್ನು ಕ್ಯಾನ್ವಾಸಿಗೆ ಅಂಟಿಸಿ, ಚಾಪೆಯ ಹಾಗೆ ಬಾಗಿ ಮೂಲೆ ತಿರುಗಿ ಒಳಗೆ ಹೋಗುವಂಥದ್ದು. ಸಾಗುವಾನಿ ಪಟ್ಟಿ, 20 ಮಿ.ಮೀ. ಅಗಲ, 9 ಮಿ.ಮೀ. ದಪ್ಪ, ಒಂದು ಬಾಗಿಲಿಗೆ 48. ಪಟ್ಟಿ ನಿಂತಿರುವುದು ಲಂಬವಾಗಿ, ಬಾಗಿಲು ಜಾರುವುದು ಅಡ್ಡಕ್ಕೆ. ಪಟ್ಟಿಯ ಎರಡು ತುದಿಯಲ್ಲಿ 6 ಮಿ.ಮೀ. ದಪ್ಪದ ನಾಲಗೆ, ಅದು ಜಾರಲಿಕ್ಕೆ ಪ್ಲೈಯಲ್ಲಿ 6.5ರ ಗ್ರೂವ್ (ಸಪೂರ ಕಾಲುವೆ). ಮೂಲೆಯ ತ್ರಿಜ್ಯ 100 ಮಿ.ಮೀ.

ಏಪ್ರಿಲ್‌ನಲ್ಲಿ ಸ್ವಲ್ಪ ಬಿಗಿ ಇತ್ತು, ಆದರೆ ಓಡುತ್ತಿತ್ತು. ಜೂನ್ ಮಳೆ ಹಿಡಿದ ಮೇಲೆ ತಿರುವಿಗೆ ಬಂದು ನಿಂತುಬಿಡ್ತದೆ. ಒಂದು ಕಡೆ ಕ್ಯಾನ್ವಾಸಿನ ಅಂಚು ಏಳಲಿಕ್ಕೆ ಶುರುವಾಗಿದೆ. ಅಂಟಿಸಿದ್ದು ಹಳದಿ ರಬ್ಬರ್ ಗಂನಲ್ಲಿ. ಎಂತ ಮಾಡುವುದು ಹೇಳಿ ಮಾರಾಯ್ರೆ.

ಕದ್ರಿ ಇಂಟೀರಿಯರ್:
ಮರ ಉಬ್ಬಿದೆ, ಅಷ್ಟೇ. ಪಟ್ಟಿಗಳ ತುದಿ ಒಂದೆರಡು ಮಿ.ಮೀ. ಕೊಯ್ದುಬಿಡಿ. ಗ್ರೂವ್‌ಗೆ ನಾಲ್ಕು ಹನಿ ತೆಂಗಿನೆಣ್ಣೆ ಬಿಡಿ.

ಕೀಸುಳಿ:
ದಯವಿಟ್ಟು ಎರಡನ್ನೂ ಮಾಡಬೇಡಿ. ಮರ ಉಬ್ಬುವುದು ಎಳೆಗೆ, ಅಂದರೆ ನಾರಿನ ದಿಕ್ಕಿಗೆ, ಅಡ್ಡಲಾಗಿ. ಎಳೆಯ ಉದ್ದಕ್ಕೆ ಆಗುವ ವ್ಯತ್ಯಾಸ ಕಪಾಟಿನ ಲೆಕ್ಕಕ್ಕೆ ಬರುವಷ್ಟಿಲ್ಲ. ಇಲ್ಲಿ ಎಳೆ ಮೇಲೆ ಕೆಳಗೆ ಹೋಗ್ತದೆ, ಆದ್ದರಿಂದ ಪಟ್ಟಿ ಉದ್ದವಾಗಿ ಸಿಕ್ಕಿಕೊಂಡಿರಲಿಕ್ಕಿಲ್ಲ. ಖಾತ್ರಿಗೆ ಬಾಗಿಲನ್ನು ಮೇಲಕ್ಕೆತ್ತಿ ನೋಡಿ. ಒಂದು ಮಿ.ಮೀ. ಅಲುಗಾಟ ಸಿಕ್ಕಿದರೂ ತುದಿ ಮುಟ್ಟುವ ಅಗತ್ಯವಿಲ್ಲ. ಕೊಯ್ದರೆ ಬಾಗಿಲು ಗ್ರೂವಿನಿಂದ ತಪ್ಪಿ ಬೀಳಬಹುದು.

ಎಣ್ಣೆ ಪ್ಲೈಯೊಳಗೆ ಇಂಗಿ ಧೂಳು ಹಿಡಿದು ಅಂಟಂಟಾಗ್ತದೆ. ಗ್ರೂವ್‌ಗೆ ಒಣ ಮೇಣದ ಬತ್ತಿ ಉಜ್ಜಿದರೆ ಸಾಕು.

ಬ್ರಹ್ಮಾವರದವರೆ, ಅಂಟಿಸುವಾಗ ಮಿಕ್ಕಿದ ತುಂಡು ಉಂಟಾ? ಮೂರು ನಾಲ್ಕು ಪಟ್ಟಿಯದ್ದು ಸಾಕು. ಅದೊಂದನ್ನೇ ಗ್ರೂವಿನಲ್ಲಿ ಓಡಿಸಿ. ತುಂಡು ತಿರುವಿನಲ್ಲಿ ನಿಂತರೆ ದೋಷ ಗ್ರೂವಿನದ್ದು. ತುಂಡು ಎಲ್ಲ ಕಡೆ ಸಲೀಸಾಗಿ ಹೋಗಿ ಪೂರ್ತಿ ಬಾಗಿಲು ಮಾತ್ರ ಬಿಗಿಯಾದರೆ ಪಟ್ಟಿಗಳು ಒಂದನ್ನೊಂದು ಒತ್ತುತ್ತಿವೆ. ಆಮೇಲೆ ಬಾಗಿಲು ತೆಗೆದು ಮುಖ ಮೇಲಾಗಿ ಮೇಜಿನ ಮೇಲೆ ಮಲಗಿಸಿ, ಸಪಾಟಾಗಿ ಕೂರ್ತದಾ ನೋಡಿ.

ಬ್ರಹ್ಮಾವರದ ಹವ್ಯಾಸಿ:
ಬೇಗ ಉತ್ತರಿಸಿದ್ದಕ್ಕೆ ಉಪಕಾರ ಆಚಾರ್ರೆ. ಮೇಲೆ ಕೆಳಗೆ ಒಂದೂವರೆ ಮಿ.ಮೀ. ಅಲುಗಾಟ ಉಂಟು. ಮಿಕ್ಕಿದ ತುಂಡು ನೇರದಲ್ಲಿ ಚೆನ್ನಾಗಿ ಓಡ್ತದೆ, ತಿರುವಿನಲ್ಲಿ ನಿಲ್ತದೆ. ಹಿಂಬದಿಯ ಹಲಗೆಗೆ ಸ್ಕ್ರೂ ಮಾತ್ರ ಹಾಕಿದ್ದರಿಂದ ಬಾಗಿಲು ಸುಲಭವಾಗಿ ಹೊರಗೆ ಬಂತು. ಮೇಜಿನ ಮೇಲೆ ಎರಡು ಬದಿ ತಾಗ್ತದೆ, ನಡು ಬೆರಳು ತೂರುವಷ್ಟು ಎದ್ದಿದೆ. ತೇವ ಅಳೆಯುವ ಮೀಟರ್ 18 ತೋರಿಸ್ತದೆ. ಏಪ್ರಿಲ್‌ನಲ್ಲಿ 12 ಇತ್ತು.

ಕೀಸುಳಿ:
ಹಾಗಾದರೆ ಎರಡೂ ಉಂಟು. ಬೇರೆ ಬೇರೆಯಾಗಿ ಬಿಡಿಸುವ.

ಮೊದಲು ತಿರುವು. ಪಟ್ಟಿ ನೇರ, ಗ್ರೂವ್ ಬಾಗಿದ್ದು. ನಾಲಗೆಯ ನಡು ಭಾಗ ಗ್ರೂವಿನ ಒಳಗೋಡೆಗೆ ತಾಗ್ತದೆ, ಎರಡು ಮೂಲೆ ಹೊರಗೋಡೆಗೆ ತಾಗ್ತದೆ. ಹಾಗಾಗಿ ತಿರುವಿನಲ್ಲಿ ನಾಲಗೆಯ ದಪ್ಪಕ್ಕಿಂತ ಹೆಚ್ಚು ಜಾಗ ಬೇಕು. ಎಷ್ಟು ಹೆಚ್ಚು? ಪಟ್ಟಿಯ ಅಗಲವನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ನಿಮ್ಮದು 400 ಭಾಗಿಸು 800, ಅಂದರೆ ಅರ್ಧ ಮಿ.ಮೀ. ನಾಲಗೆ 6, ಈ ಅರ್ಧ ಸೇರಿ 6.5. ಗ್ರೂವ್ ಕೂಡ 6.5. ಆಡಲು ಜಾಗವೇ ಇಲ್ಲ! ಪಾಲಿಶ್ ಪೇಪರ್ ಹೊಡೆದು ಅಂಚು ಸ್ವಲ್ಪ ಗುಂಡಾದದ್ದರಿಂದ ಏಪ್ರಿಲ್‌ನಲ್ಲಿ ಓಡಿರಬೇಕು. ಈಗ ನಾಲಗೆ ಕೂದಲೆಳೆಯಷ್ಟು ದಪ್ಪವಾದರೂ ಸಾಕು, ಹಿಡಿದುಕೊಳ್ತದೆ. ಪಟ್ಟಿ 12 ಮಿ.ಮೀ. ಆಗಿದ್ದರೆ ಇದೇ ಲೆಕ್ಕ 0.2ರ ಒಳಗೆ ಮುಗಿಯುತ್ತಿತ್ತು. ಸಣ್ಣ ತ್ರಿಜ್ಯದ ಮೂಲೆಗೆ ಸಪೂರ ಪಟ್ಟಿಯೇ ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೆ.

ತಿರುವಿನಲ್ಲಿ ಮಾತ್ರ ಗ್ರೂವನ್ನು 7 ಅಥವಾ 7.2 ಮಾಡಿ, ಎರಡು ಬದಿಯ ನೇರ ಭಾಗಕ್ಕೆ ಐದು ಸೆಂ.ಮೀ. ತನಕ ಅಗಲವನ್ನು ನಿಧಾನವಾಗಿ 6.5ಕ್ಕೆ ಇಳಿಸಿ. ತೆಗೆಯುವುದು ಒಳಗೋಡೆಯಿಂದ. ಹೊರಗೋಡೆ ನಯವಾಗಿಯೇ ಇರಲಿ. ಮೇಲಿನ ಗ್ರೂವ್, ಕೆಳಗಿನ ಗ್ರೂವ್ ಎರಡಕ್ಕೂ ಒಂದೇ ಟೆಂಪ್ಲೇಟ್ (ಅಳತೆಯ ಅಚ್ಚು) ಹಾಕಿ. ಒಂದು ಹೆಚ್ಚು ಒಂದು ಕಡಿಮೆಯಾದರೆ ಬಾಗಿಲು ಓರೆಯಾಗಿ ಮತ್ತೆ ಕಚ್ಚಿಕೊಳ್ತದೆ.

ಇನ್ನು ನಡು ಎದ್ದದ್ದು. ಸಾಗುವಾನಿ ನಮ್ಮಲ್ಲಿ ಸಿಗುವ ಮರಗಳ ಪೈಕಿ ಉಬ್ಬಿ ಕುಗ್ಗುವುದು ಕಡಿಮೆ ಇರುವಂಥದ್ದು. ಆದರೂ ಚಪ್ಪಟೆ ಸೀಳಿದ (ಮರದ ಉಂಗುರಗಳು ಮುಖಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರುವ) 20 ಮಿ.ಮೀ. ಪಟ್ಟಿ 12ರಿಂದ 18 ಶೇಕಡ ತೇವಕ್ಕೆ ಹೋದರೆ 0.2 ಮಿ.ಮೀ. ಅಗಲವಾಗ್ತದೆ. ಒಂದು ಪಟ್ಟಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. 48 ಪಟ್ಟಿಯಲ್ಲಿ ಸುಮಾರು ಒಂದು ಸೆಂ.ಮೀ. ನಮ್ಮ ಕರಾವಳಿಯಲ್ಲಿ ಜುಲೈ ಗಾಳಿಯ ತೇವ ಶೇ. 85–90ರ ಹತ್ತಿರ ವಾರಗಟ್ಟಲೆ ನಿಲ್ತದೆ, ಮರ ಒಣಗಲಿಕ್ಕೆ ಪುರುಸೊತ್ತೇ ಇಲ್ಲ. ಹಿಂದಿನ ಕ್ಯಾನ್ವಾಸ್ ಹಿಗ್ಗುವುದಿಲ್ಲ, ಮುಂದಿನ ಮುಖಗಳು ಒತ್ತಿಕೊಳ್ತವೆ, ಬಾಗಿಲು ಮುಂದಕ್ಕೆ ಬಿಲ್ಲಾಗ್ತದೆ. ಕ್ಯಾನ್ವಾಸಿನ ಅಂಚು ಎದ್ದದ್ದೂ ಇದೇ ಎಳೆತಕ್ಕೆ. ರಬ್ಬರ್ ಗಂ ಮೆತ್ತಗೆಯೇ ಉಳಿಯುವ ಅಂಟು. ಒಂದೇ ಸಮನೆ ಎಳೆತ ಬಿದ್ದರೆ ನಿಧಾನಕ್ಕೆ ಸರಿಯುತ್ತದೆ.

ಕದ್ರಿ ಇಂಟೀರಿಯರ್:
ಉದ್ದಕ್ಕೆ ಉಬ್ಬುವುದಿಲ್ಲ ಎಂಬುದು ಸರಿ, ಒಪ್ಪಿದೆ. ಆದರೆ ಪಟ್ಟಿಗಳನ್ನೆಲ್ಲ ಕಿತ್ತು ಹೊಸದಾಗಿ ಮಾಡಬೇಕಾ?

ಕೀಸುಳಿ:
ಬೇಡ. ಒಂದು ದಪ್ಪ ಪಿವಿಸಿ ಪೈಪಿನ ಮೇಲೆ ಬಾಗಿಲನ್ನು ಕ್ಯಾನ್ವಾಸ್ ಒಳಗಾಗುವಂತೆ ಹೊದೆಸಿ. ಸಂದುಗಳು ತಾವಾಗಿ ತೆರೆಯುತ್ತವೆ. ಹರಿತವಾದ ಸ್ಕ್ರೇಪರಿನಲ್ಲಿ ಪ್ರತಿ ಪಟ್ಟಿಯ ಬದಿಯಿಂದ ಒಂದೆರಡು ತೆಳು ಪದರ ಕೆರೆದು ತೆಗೆಯಿರಿ. ಮುಖದ ಕಡೆ ಹೆಚ್ಚು, ಕ್ಯಾನ್ವಾಸಿನ ಕಡೆ ಇಲ್ಲವೇ ಇಲ್ಲ. ಬದಿ ಸ್ವಲ್ಪ ಇಳಿಜಾರಾಗಬೇಕು. ಬೇಸರದ ಕೆಲಸ, ಆದರೆ ಬಾಗಿಲು ಉಳಿಯುತ್ತದೆ. ಬ್ಲೇಡ್ ಕ್ಯಾನ್ವಾಸಿಗೆ ತಾಗದ ಹಾಗೆ ಜಾಗ್ರತೆ.

ಎದ್ದ ಅಂಚಿನಲ್ಲಿ ಹಳೆಯ ರಬ್ಬರ್ ಗಂ ಪೂರ್ತಿ ಕೆರೆಯದೆ ಬಿಳಿ ಗಂ ಹಚ್ಚಬೇಡಿ, ಹಿಡಿಯುವುದಿಲ್ಲ. ಕೆರೆದ ಮೇಲೆ ಫೆವಿಕಾಲ್ ಮೆರೈನ್‌ನಂಥ ನೀರು ತಡೆಯುವ ಗಂ ತೆಳುವಾಗಿ ಬಟ್ಟೆಗೆ ಹಚ್ಚಿ, ಮೇಲೊಂದು ಹಲಗೆ ಇಟ್ಟು ಭಾರ ಹೇರಿ. ಗಂ ಪಟ್ಟಿಗಳ ನಡುವೆ ಇಳಿದರೆ ಆ ಸಂದು ಮತ್ತೆ ಬಾಗುವುದಿಲ್ಲ.

ಮುಂದೆ ಹೊಸದು ಮಾಡುವವರಿಗೆ: ಹತ್ತಿ ಕ್ಯಾನ್ವಾಸನ್ನು ಮೊದಲೇ ಒಗೆದು ಇಸ್ತ್ರಿ ಹಾಕಿ, ಅದು ಕುಗ್ಗುತ್ತದೆ. ಬೇಸಿಗೆಯಲ್ಲಿ ಅಂಟಿಸುವುದಾದರೆ ಎರಡು ಪಟ್ಟಿಗಳ ನಡುವೆ ವಿಸಿಟಿಂಗ್ ಕಾರ್ಡಿನಷ್ಟು ಸಂದು ಬಿಡಿ. ಮಳೆಗಾಲದಲ್ಲಿ, ಮರ ಉಬ್ಬಿರುವಾಗಲೇ, ಒತ್ತಾಗಿ ಜೋಡಿಸಬಹುದು. ಉಂಗುರಗಳು ಮುಖಕ್ಕೆ ಲಂಬವಾಗಿ ನಿಲ್ಲುವಂತೆ ಸೀಳಿದ ಸಾಗುವಾನಿ ಸಿಕ್ಕಿದರೆ ಉಬ್ಬುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಅದಕ್ಕೆ ಹೆಚ್ಚು ದುಡ್ಡಾದರೂ ಕೊಡಬಹುದು.

ಸುರತ್ಕಲ್ ಪ್ಲೈ:
ಇದೇ ಚರ್ಚೆಯಲ್ಲಿ ನನ್ನದೂ ಒಂದು. ಕ್ಲಿನಿಕ್‌ನ ರಿಸೆಪ್ಷನ್ ಕೌಂಟರ್, ಎಸ್ ಆಕಾರ. ರೆಡಿಮೇಡ್ ಟ್ಯಾಂಬೂರ್ ಶೀಟ್ ತಂದು ಫ್ಲೆಕ್ಸಿಬಲ್ (ಬಾಗುವ) ಪ್ಲೈ ಮೇಲೆ ಅಂಟಿಸುವುದು. ಹೊರಕ್ಕೆ ಉಬ್ಬಿದ ಭಾಗ ಸರಿ ಬರ್ತದೆ, ಒಳಕ್ಕೆ ಬಾಗಿದ ಕಡೆ ಶೀಟ್ ಕೂರುವುದೇ ಇಲ್ಲ.

ಕೀಸುಳಿ:
ಪಟ್ಟಿಯ ಮುಖ ಚಪ್ಪಟೆಯಾ? ಸಂದಿಲ್ಲದ ಚಪ್ಪಟೆ ಪಟ್ಟಿ ಒಳಕ್ಕೆ ಬಾಗುವುದಿಲ್ಲ, ಮುಖಗಳು ಡಿಕ್ಕಿಯಾಗುತ್ತವೆ. ಅರ್ಧಗುಂಡು ಪಟ್ಟಿಯದ್ದೋ, ಅಂಚು ಇಳಿಜಾರು ತೆಗೆದದ್ದೋ ತನ್ನಿ. ಇಡೀ ಕೌಂಟರಿಗೆ ಅದನ್ನೇ ಹಾಕಿದರೆ ನೋಟ ಒಂದೇ ಆಗ್ತದೆ. ಹೊರಕ್ಕೆ ಉಬ್ಬಿದ ಕಡೆ ಸಂದು ತೆರೆದು ಬಟ್ಟೆ ಕಾಣಿಸ್ತದೆ, ಪ್ಲೈಗೆ ಅಂಟಿಸುವ ಮೊದಲೇ ಅಲ್ಲಿಗೆ ಮರದ ಬಣ್ಣದ ಸ್ಟೈನ್ ಕೊಡಿ. ಶೀಟ್ ಬಿಚ್ಚಿ ಕೆಲವು ದಿನ ಕ್ಲಿನಿಕ್ಕಿನಲ್ಲೇ ಚಪ್ಪಟೆಯಾಗಿ ಮಲಗಿಸಿಡಿ. ಎಸಿ ಓಡುವ ಜಾಗವಾದರೆ ಎಸಿ ಹಾಕಿಯೇ ಇಡಿ. ಎರಡು ಕೊನೆಯಲ್ಲಿ ಬೀಡಿಂಗ್ (ಅಂಚು ಮುಚ್ಚುವ ಪಟ್ಟಿ) ಒಳಗೆ ಉಬ್ಬಲಿಕ್ಕೆ ಐದಾರು ಮಿ.ಮೀ. ಖಾಲಿ ಬಿಡಿ.

ಬ್ರಹ್ಮಾವರದ ಹವ್ಯಾಸಿ:
ತಿರುವು 7.2 ಮಾಡಿದೆ, ಮೇಣ ಉಜ್ಜಿದೆ. ತುಂಡು ಈಗ ಒಂದೇ ಬೆರಳಿನಲ್ಲಿ ಮೂಲೆ ದಾಟ್ತದೆ. ಎಡ ಬಾಗಿಲು ಪೈಪಿನ ಮೇಲೆ ಹೊದೆಸಿ ಕೆರೆದು ಹಾಕಿದೆ, ಮಳೆ ಸುರಿಯುತ್ತಿರುವಾಗಲೇ ಪೂರ್ತಿ ತೆರೆಯಿತು. ಬಲದ್ದು ಅರ್ಧ ಆಗಿದೆ. ಒಂದು ಸಂಶಯ: ಪಾಲಿಶ್ ಇರುವುದು ಮುಂದೆ ಮಾತ್ರ. ಹಿಂದಿನ ಬಟ್ಟೆಗೂ ಕೊಡಬೇಕಾ?

ಕೀಸುಳಿ:
ಬಟ್ಟೆಗೆ ಬೇಡ, ಅದು ಗಟ್ಟಿಯಾಗಿ, ಬಾಗುವ ಗುಣ ಹೋಗ್ತದೆ. ಹೊಸದಾಗಿ ಕೆರೆದ ಬದಿಗಳಿಗೂ ನಾಲಗೆಗಳಿಗೂ ತೆಳುವಾಗಿ ಒಂದು ಕೈ ಕೊಡಿ, ಪೈಪಿನ ಮೇಲೆ ಇರುವಾಗಲೇ. ಪೂರ್ತಿ ಒಣಗುವ ತನಕ ಪೈಪಿನಿಂದ ಇಳಿಸಬೇಡಿ, ಸಂದು ಅಂಟಿಕೊಳ್ತದೆ.