ಮಲ್ಲಿಗೆ ಪಾಟಿಗೆ ನೀರು: ಚಿಕ್ಕಮ್ಮನಿಗೆ

ಚಿಕ್ಕಮ್ಮ, ಮಲ್ಲಿಗೆ ಫೋಟೋ ನೋಡಿದೆ. ದಿನಾ ಒಂದು ಲೋಟ ನೀರು ಹಾಕಿದ್ರೂ ಮಧ್ಯಾಹ್ನಕ್ಕೆ ಬಾಡುತ್ತೆ, ಎಲೆ ಹಳದಿ ಆಗುತ್ತೆ ಅಂದ್ರಲ್ಲ, ತೊಂದರೆ ಆ ಒಂದು ಲೋಟದಲ್ಲೇ ಇದೆ. 12 ಇಂಚಿನ ಪಾಟಲ್ಲಿ ಅಷ್ಟು ನೀರಿಗೆ ಮೇಲ್ಮಣ್ಣು ಮಾತ್ರ ನೆನೆಯುತ್ತೆ. ತೇವ ಇರೋ ಕಡೆಗೇ ಬೇರು ಬೆಳೆಯೋದು. ಹಾಗಾಗಿ ಎಲ್ಲಾ ಮೇಲೇ ಹರಡುತ್ತೆ, ತಾರಸಿ ಬಿಸಿಲಿಗೆ ಮೊದಲು ಕಾಯೋದೂ ಆ ಮೇಲ್ಮಣ್ಣೇ.

ನಾಳೆ ಬೆಳಿಗ್ಗೆ ಬೆರಳನ್ನ ಎರಡು ಗೆಣ್ಣು ಮಣ್ಣೊಳಗೆ ಇಳಿಸಿ ನೋಡಿ. ತಣ್ಣಗಿದ್ದು ಮಣ್ಣು ಬೆರಳಿಗೆ ಅಂಟಿದ್ರೆ ನೀರು ಬೇಡ. ಒಣಗಿದ್ರೆ ಸುತ್ತಲೂ ನಿಧಾನವಾಗಿ ಹಾಕ್ತಾ ಬನ್ನಿ, ತಳದ ತೂತಿಂದ ನೀರು ಬರೋವರೆಗೂ. ಹತ್ತು ನಿಮಿಷ ಬಿಟ್ಟು ಇನ್ನೊಂದು ಸುತ್ತು. ಒಟ್ಟು ಎರಡು, ಎರಡೂವರೆ ಲೀಟರ್ ಹಿಡಿಯಬಹುದು. ಆಮೇಲೆ ಮತ್ತೆ ಎರಡು ಗೆಣ್ಣು ಒಣಗೋ ತನಕ ಮುಟ್ಟಬೇಡಿ. ಬೇಸಿಗೇಲಿ ಅದು ಒಂದೇ ದಿನ ಇರಬಹುದು, ಮಳೆಗಾಲದಲ್ಲಿ ವಾರ. ಕ್ಯಾಲೆಂಡರ್ ನೋಡಿ ಹಾಕೋದು ಬೇಡವೇ ಬೇಡ.

ಹಾಕಿದ ತಕ್ಷಣ ನೀರು ಕೆಳಗೆ ಬಂದುಬಿಟ್ರೆ ನಂಬಬೇಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರೋ ಮಣ್ಣು ಪೂರ್ತಿ ಒಣಗಿದ್ರೆ ಕುಗ್ಗಿ ಪಾಟಿನ ಗೋಡೆ ಬಿಡುತ್ತೆ, ಉಗುರು ತೂರುವಷ್ಟು ಸಂದು ಕಾಣುತ್ತೆ. ನೀರು ಆ ಸಂದಿನಲ್ಲೇ ಜಾರಿ ಹೋಗುತ್ತೆ, ನಡುವಿನ ಮಣ್ಣು ಒಣಗೇ ಉಳಿಯುತ್ತೆ. ಆಗ ಪಾಟನ್ನ ನೀರು ತುಂಬಿದ ಟಬ್ಬಲ್ಲಿ ಅರ್ಧ ಗಂಟೆ ಇಟ್ಟು, ಮೇಲ್ಮಣ್ಣು ತೇವ ಆದ ಮೇಲೆ ತೆಗೆದು ನೀರು ಬಸಿಯೋಕೆ ಬಿಡಿ.

ಮಣ್ಣು ಒದ್ದೆ ಇದ್ದೂ ಗಿಡ ಬಾಡಿದ್ರೆ ಮಾತ್ರ ದಯವಿಟ್ಟು ಇನ್ನಷ್ಟು ನೀರು ಹಾಕಬೇಡಿ, ಎಷ್ಟೋ ಗಿಡ ಸಾಯೋದು ಇಲ್ಲೇ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದೆಲ್ಲಾ ನೀರೇ ತುಂಬಿದ್ರೆ ಬೇರು ಕೊಳೆಯುತ್ತೆ, ಕೊಳೆತ ಬೇರು ನೀರು ಹೀರಲ್ಲ. ಗಿಡ ಹೊರಗೆ ತೆಗೆದು ಬೇರು ಹಿಡಿದು ನೋಡಿ. ಗಟ್ಟಿ ಇದ್ರೆ ಚೆನ್ನಾಗಿದೆ. ಕಂದು ಬಣ್ಣ ಆಗಿ, ಎಳೆದ್ರೆ ಸಿಪ್ಪೆ ಜಾರಿ ದಾರದಂಥ ಎಳೆ ಉಳಿದ್ರೆ, ಕೊಳೆತ ವಾಸನೆ ಬಂದ್ರೆ, ಅಷ್ಟನ್ನೂ ಕತ್ತರಿಸಿ ಹೊಸ ಮಣ್ಣಿಗೆ ಹಾಕಿ, ಒಂದು ವಾರ ನೆರಳಲ್ಲಿಡಿ.

ಪಾಟಿನ ತಳಕ್ಕೆ ಜಲ್ಲಿ ಹಾಕಿ ಅಂತ ಮಾವ ಅಂದ್ರಲ್ಲ, ಅದು ಬೇಡ. ಸಣ್ಣ ಮಣ್ಣಿಂದ ನೀರು ಜಲ್ಲಿಗೆ ಸುಲಭವಾಗಿ ಇಳಿಯಲ್ಲ, ಜಲ್ಲಿ ಮೇಲೇ ನಿಲ್ಲುತ್ತೆ. ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬರುತ್ತೆ ಅಷ್ಟೇ. ತೂತಿನ ಮೇಲೆ ಒಂದು ಚೂರು ಸೊಳ್ಳೆ ಜಾಲರಿ ಸಾಕು. ಪಾಟನ್ನ ಎರಡು ಇಟ್ಟಿಗೆ ಮೇಲೆ ಎತ್ತರಿಸಿ, ಕೆಳಗಿನ ತಟ್ಟೇಲಿ ನಿಂತ ನೀರನ್ನ ಅರ್ಧ ಗಂಟೆಯೊಳಗೆ ಚೆಲ್ಲಿಬಿಡಿ.