ಸಹಾಯ ಬೇಕು: ಗದ್ದೆಯ ಲೆಕ್ಕ ಹಲಗೆಗೆ ಬರುತ್ತಿಲ್ಲ

ಎಲ್ಲ ಮೇಷ್ಟ್ರುಗಳಿಗೂ ಮೇಡಂಗಳಿಗೂ ನಮಸ್ಕಾರ. ಮಂಡ್ಯ ಹತ್ತಿರದ ಹಳ್ಳಿ ಶಾಲೆಗೆ ವಿಸ್ತೀರ್ಣದ ಪಾಠವನ್ನು ಹೊಸದಾಗಿ ಜೋಡಿಸುತ್ತಿದ್ದೇನೆ. ಕಲಿಕೆ ಶಾಲೆಯ ಹೊರಗಿನ ಬದುಕಿಗೂ ಸೇರಬೇಕು ಅನ್ನುತ್ತದೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು. ಅದನ್ನೇ ನಂಬಿ ಮಕ್ಕಳನ್ನು ಕಬ್ಬಿನ ಗದ್ದೆಗೆ ಕರೆದುಕೊಂಡು ಹೋದೆ. ಬದುವಿನ ಮೇಲೆ ಹಗ್ಗ ಎಳೆದು 33 ಅಡಿ ಉದ್ದ, 33 ಅಡಿ ಅಗಲ ಅಳೆದರು. 1089 ಚದರ ಅಡಿ, ಒಂದು ಗುಂಟೆ! ಅಂಥದ್ದು 40 ಸೇರಿದರೆ ಎಕರೆ ಅಂತ ಅವರೇ ಹೇಳಿದರು. ಎಷ್ಟು ಖುಷಿಯಾಯಿತು ಗೊತ್ತಾ.

ಮಾರನೇ ದಿನ ಹಲಗೆ ಮೇಲೆ ಬರೀ ಆಯತ ಬರೆದು ವಿಸ್ತೀರ್ಣ ಕೇಳಿದೆ. ಅರ್ಧ ಮಕ್ಕಳು ಉದ್ದ ಅಗಲ ಗುಣಿಸುವ ಬದಲು ನಾಲ್ಕೂ ಬದಿ ಕೂಡಿಬಿಟ್ಟರು. ಹೋದ ವರ್ಷ ಸೂತ್ರದಿಂದ ಶುರು ಮಾಡಿದ್ದೆ. ಅಂಕ ಬಂತು, ಸ್ವಂತ ಜಮೀನಿನ ಲೆಕ್ಕ ಬರಲಿಲ್ಲ. ಎರಡೂ ಬೇಕು ಅಲ್ವಾ?

ಗದ್ದೆಗೂ ಸೂತ್ರಕ್ಕೂ ನಡುವೆ ಯಾವ ಚಟುವಟಿಕೆ ಇಡಲಿ? ಅದಕ್ಕೆ ಎಷ್ಟು ಪೀರಿಯಡ್ ಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.