ಬ್ಯಾಡಗಿಗೆ ಡಯಲ್‌ಅಪ್ ಹತ್ತುತ್ತಿಲ್ಲ, ಫೈಬರ್ ಹಾಕಿದ ಮೇಲೆ ಶುರುವಾಗಿದೆ

ಹುಬ್ಬಳ್ಳಿ_ಲೆಕ್ಕ:
ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ಆಫೀಸಿನಲ್ಲಿ ಲೆಕ್ಕ ನೋಡುವವ. ನಮ್ಮ ಮಾಲೀಕರ ಕೋಲ್ಡ್ ಸ್ಟೋರೇಜ್ ಬ್ಯಾಡಗಿಯಲ್ಲಿದೆ. ಎಷ್ಟು ಚೀಲ ಮೆಣಸಿನಕಾಯಿ ಬಂತು, ಎಷ್ಟು ಹೋಯ್ತು, ಯಾವ ರೈತರದ್ದು ಎಷ್ಟು ಉಳಿದಿದೆ ಅನ್ನೋದೆಲ್ಲ ಅಲ್ಲಿನ ವಿಂಡೋಸ್ 2000 ಕಂಪ್ಯೂಟರಿನಲ್ಲಿದೆ. ದಿನಾ ಸಂಜೆ ಇಲ್ಲಿಂದ ಮೋಡೆಮ್‌ನಲ್ಲಿ (ಕಂಪ್ಯೂಟರಿನ ಮಾಹಿತಿಯನ್ನು ದನಿ ಮಾಡಿ ಫೋನ್ ಲೈನಿನಲ್ಲಿ ಕಳಿಸುವ ಪೆಟ್ಟಿಗೆ) ಅಲ್ಲಿನ ನಂಬರಿಗೆ ಡಯಲ್ ಮಾಡಿ, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಆ ದಿನದ ಫೈಲ್ ತಗೊಳ್ಳುತ್ತೇನೆ. ಪದ್ಧತಿ ಹಳೇದು ಅಂತ ಗೊತ್ತು, ಆದರೆ ಆ ಸ್ಟಾಕ್ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ, ಬರೆದುಕೊಟ್ಟವರೂ ಈಗ ಸಿಗುವುದಿಲ್ಲ.

ಈಚೆಗೆ ಬ್ಯಾಡಗಿಯಲ್ಲಿ ನಮ್ಮ ಲೈನಿನ ತಾಮ್ರದ ತಂತಿ ತೆಗೆದು ಫೈಬರ್ ಹಾಕಿದರು. ನಂಬರ್ ಅದೇ. ಮಾತು ಮೊದಲಿಗಿಂತ ಸ್ಪಷ್ಟ ಕೇಳುತ್ತದೆ. ಆದರೆ ಮೋಡೆಮ್ ಮಾತ್ರ ಕಿರ್ರ್ ಅಂತ ಕೂಗಿ ಕೂಗಿ ಕೊನೆಗೆ ಎರರ್ 678 ಅನ್ನುತ್ತದೆ. ಒಮ್ಮೊಮ್ಮೆ ಹತ್ತಿದರೂ ಫೈಲ್ ಅರ್ಧ ಬರುವಷ್ಟರಲ್ಲಿ ಕಡಿದುಹೋಗುತ್ತದೆ. ಎರಡೂ ಕಡೆ 56ಕೆ ಮೋಡೆಮ್. ಅದನ್ನು ಬದಲಿಸಬೇಕಾ, ಇಲ್ಲ ಅಲ್ಲಿನ ಕಂಪ್ಯೂಟರೇ ಕೆಟ್ಟಿದೆಯಾ? ಸೀಸನ್ ಶುರುವಾಗೋ ಮೊದಲು ಸರಿ ಆಗಲೇಬೇಕು.

ಗದಗಿನವ:
ಹೊಸ ಮೋಡೆಮ್‌ಗೆ ದುಡ್ಡು ಹಾಕಬೇಡಿ ಸರ್. 678 ಅಂದರೆ ಆಚೆ ಕಡೆಯಿಂದ ಸರಿಯಾದ ಉತ್ತರವೇ ಸಿಕ್ಕಿಲ್ಲ ಅಂತ. ಹೆಸರು, ಪಾಸ್‌ವರ್ಡ್ ತಪ್ಪಿದ್ದರೆ 691 ಬರುತ್ತಿತ್ತು. ನೀವು ಆ ಬಾಗಿಲವರೆಗೂ ಹೋಗಿಲ್ಲ. ಲೈನ್ ಬದಲಾದ ಮೇಲೇ ಶುರುವಾಗಿದೆ ಅಂದಮೇಲೆ ಮೊದಲು ಲೈನನ್ನೇ ಅನುಮಾನಿಸಿ.

ಮಾತು ಸ್ಪಷ್ಟ ಕೇಳುತ್ತದೆ ಅನ್ನೋದನ್ನ ನಂಬಬೇಡಿ. ಫೈಬರಿನಲ್ಲಿ ದನಿಯನ್ನು ತುಂಡು ತುಂಡು ಮಾಡಿ ಪ್ಯಾಕೆಟ್‌ಗಳಲ್ಲಿ ಕಳಿಸುತ್ತಾರೆ, ಸಾಮಾನ್ಯವಾಗಿ ಒಂದೊಂದರಲ್ಲಿ 20 ಮಿಲಿಸೆಕೆಂಡಿನ ದನಿ. ಒಂದು ಕಳೆದುಹೋದರೆ ನಮ್ಮ ಕಿವಿಗೆ ಗೊತ್ತೂ ಆಗಲ್ಲ. ಆದರೆ ಮೋಡೆಮ್ ಸೆಕೆಂಡಿಗೆ 33,600 ಬಿಟ್ ವೇಗದಲ್ಲಿ ಓಡುತ್ತಿದ್ದರೆ ಆ 20 ಮಿಲಿಸೆಕೆಂಡಿನಲ್ಲಿ 600ಕ್ಕೂ ಜಾಸ್ತಿ ಬಿಟ್ ಹೋಗಿರುತ್ತವೆ, ಮೇಲೆ ಎರಡೂ ಮೋಡೆಮ್‌ಗಳು ಮತ್ತೆ ಮೊದಲಿಂದ ಹೊಂದಿಸಿಕೊಳ್ಳಬೇಕು, ಆಗದಿದ್ದರೆ ಫೋನ್ ಇಟ್ಟುಬಿಡುತ್ತವೆ. ಇನ್ನು ಜಿ.729 ಥರದ ಕೋಡೆಕ್, ಅಂದರೆ ದನಿಯನ್ನು ಕುಗ್ಗಿಸಿ ಕಳಿಸುವ ವಿಧಾನ, ಹಾಕಿದ್ದರಂತೂ ಮುಗೀತು. ಅದು ಮನುಷ್ಯರ ಮಾತಿಗೆ ಅಂತಲೇ ಮಾಡಿದ್ದು. ಸೆಕೆಂಡಿಗೆ 64 ಕಿಲೋಬಿಟ್ ಇರುವ ದನಿಯನ್ನು 8ಕ್ಕೆ ಇಳಿಸುತ್ತದೆ, ಮೋಡೆಮ್ ದನಿ ಅದರಲ್ಲಿ ಉಳಿಯಲ್ಲ.

ಕಂಪ್ಲೇಂಟ್ ಕೊಡುವಾಗ ಸುಮ್ನೆ "ಫೋನ್ ಸರಿ ಇಲ್ಲ" ಅನ್ನಬೇಡಿ, ಹಲೋ ಅಂದು ನೋಡಿ ಸರಿ ಇದೆ ಅಂತ ಬರೆದು ಹೋಗುತ್ತಾರೆ. ಈ ನಂಬರಿಗೆ ಫ್ಯಾಕ್ಸ್ ಮೆಷಿನ್‌ಗೆ ಇಡೋ ಥರ ಜಿ.711 (ಆ 64 ಕಿಲೋಬಿಟ್ಟನ್ನು ಇಳಿಸದೆ ಕಳಿಸುವ ಕೋಡೆಕ್) ಇಡಿ, ಸೈಲೆನ್ಸ್ ಸಪ್ರೆಶನ್ (ದನಿ ಇಲ್ಲದಾಗ ಕಳಿಸುವುದನ್ನು ನಿಲ್ಲಿಸುವ ಸೆಟ್ಟಿಂಗ್) ತೆಗೆಯಿರಿ ಅಂತ ಬರೆದೇ ಕೊಡಿ.

ಧಾರವಾಡ_ಸೀರಿಯಲ್:
ಮೇಲಿನವರು ಹೇಳಿದ್ದು ಸರಿ. ಅಂದಹಾಗೆ ನಿಮಗೆ 56ಕೆ ಯಾವತ್ತೂ ಸಿಕ್ಕಿರಲು ಸಾಧ್ಯವಿಲ್ಲ. ಆ ವೇಗಕ್ಕೆ ಒಂದು ತುದಿ ಡಿಜಿಟಲ್ ಲೈನಿನಲ್ಲಿ ಇರಬೇಕು, ಇಂಟರ್ನೆಟ್ ಕೊಡುವ ಕಂಪನಿಗಳ ಹತ್ತಿರ ಇರುತ್ತಿದ್ದ ಹಾಗೆ. ಎರಡು ಸಾದಾ ಮೋಡೆಮ್ ನಡುವೆ 33,600ಕ್ಕಿಂತ ಮೇಲೆ ಹೋಗಲ್ಲ.

ಈಗ ಮಾಡಬೇಕಾದ್ದು ವೇಗ ಇಳಿಸುವುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಅಲ್ಲಿ ಹೆಚ್ಚುವರಿ ಕಮಾಂಡ್ ಬರೆಯುವ ಜಾಗ ಇದೆ. ಮೊದಲು ಎಟಿ+ಎಂಎಸ್=ವಿ32ಬಿ ಹಾಕಿ, 14,400ರವರೆಗೆ ಹೋಗುತ್ತದೆ. ನಿಲ್ಲದಿದ್ದರೆ ಎಟಿ+ಎಂಎಸ್=ವಿ22ಬಿ, ಅದು 2,400. ಕಮಾಂಡ್ ಎಲ್ಲ ಮೋಡೆಮ್‌ನಲ್ಲೂ ಒಂದೇ ಥರ ಇರಲ್ಲ, ಅದರ ಜೊತೆ ಬಂದ ಪುಸ್ತಕ ನೋಡಿಕೊಳ್ಳಿ. ವಿ.32, ವಿ.22ಬಿಸ್ ಅನ್ನೋವು ಮೋಡೆಮ್‌ಗಳು ಮಾತಾಡುವ ಪದ್ಧತಿಗಳ ಹೆಸರು. ವಿ.22ಬಿಸ್‌ನಲ್ಲಿ ಹೋಗುವ ದನಿ ಒಂದು ಫ್ರೀಕ್ವೆನ್ಸಿಯಲ್ಲಿ, ಬರುವ ದನಿ ಇನ್ನೊಂದರಲ್ಲಿ, 1,200 ಮತ್ತು 2,400 ಹರ್ಟ್ಸ್ ಸುತ್ತ. ವಿ.32ರಿಂದ ಮೇಲೆ ಎರಡೂ ಒಂದೇ ಜಾಗದಲ್ಲಿ ಓಡುತ್ತವೆ, ಹಾಗಾಗಿ ಮೋಡೆಮ್ ತನ್ನದೇ ದನಿಯ ಎಕೋವನ್ನು ಕಳೆಯುತ್ತಾ ಕೂರಬೇಕು, ಫೈಬರ್ ಫೋನಿನಲ್ಲಿ ಎಕೋ ತಡವಾಗಿ ಬಂದರೆ ಅಲ್ಲೇ ಎಡವುತ್ತದೆ. ಎರರ್ ಕರೆಕ್ಷನ್ (ತಪ್ಪಿ ಬಂದದ್ದನ್ನು ಮತ್ತೆ ತರಿಸಿಕೊಳ್ಳುವ ಸೆಟ್ಟಿಂಗ್) ಮಾತ್ರ ತೆಗೆಯಬೇಡಿ. ನಿಮ್ಮ ಫೈಲ್ 20 ಕೆಬಿ ಇದ್ದರೆ 2,400ರಲ್ಲಿ ಒಂದೂವರೆ ನಿಮಿಷ, ಅಷ್ಟೇ ಅಲ್ವಾ?

ರಾಣೆಬೆನ್ನೂರಿನ_ಅಕ್ಕ:
ಇವರಿಬ್ಬರು ಹೇಳಿದ್ದು ಈ ವಾರಕ್ಕೆ ಸರಿ. ಆದರೆ ಫೈಬರ್ ಬಂದಿದೆ ಅಂದಮೇಲೆ ಇಂಟರ್ನೆಟ್ಟೂ ಅದೇ ಗೋಡೆಗೆ ಬಂದಿದೆಯಲ್ಲ. ವೈರ್‌ಗಾರ್ಡ್ (ಇಂಟರ್ನೆಟ್ಟಿನ ಮೇಲೆ ಎರಡು ಜಾಗದ ನಡುವೆ ಖಾಸಗಿ ದಾರಿ ಮಾಡಿಕೊಡುವ ಸಾಫ್ಟ್‌ವೇರ್) ಓಡುವ ಒಂದು ಚಿಕ್ಕ ರೌಟರ್ ಬ್ಯಾಡಗಿಯಲ್ಲಿ, ಇನ್ನೊಂದು ಹುಬ್ಬಳ್ಳಿಯಲ್ಲಿ ಇಡಿ. ಹಳೇ ಕಂಪ್ಯೂಟರನ್ನು ಮುಟ್ಟಬೇಕಾಗಿಲ್ಲ, ನೆಟ್‌ವರ್ಕ್ ಕಾರ್ಡ್ ಇದ್ದರೆ ಸಾಕು, ಶೇರ್ ಮಾಡಿದ ಫೋಲ್ಡರ್ ಇಲ್ಲಿಂದಲೇ ಕಾಣುತ್ತದೆ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಹುಬ್ಬಳ್ಳಿ ಕಡೆ ತಗೊಂಡು, ಬ್ಯಾಡಗಿಯ ರೌಟರೇ ಹೊರಗೆ ಕರೆಯುವ ಹಾಗೆ ಮಾಡಿ. ಬ್ಯಾಡಗಿಯಲ್ಲಿ ನಿಮಗೆ ಕೊಟ್ಟ ಐಪಿ 100.64ರಿಂದ 100.127ರ ಒಳಗಿದ್ದರೆ ಹೊರಗಿಂದ ಯಾರೂ ನೇರವಾಗಿ ಒಳಗೆ ಬರಲು ಆಗಲ್ಲ, ಅದಕ್ಕೇ ಹೀಗೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸುಲಭ ಅಂತ ಯಾರಾದರೂ ಪೋರ್ಟ್ ತೆರೆದು ಆ ಕಂಪ್ಯೂಟರನ್ನು ನೇರ ಇಂಟರ್ನೆಟ್ಟಿಗೆ ಬಿಡುತ್ತೇವೆ ಅಂದರೆ ಒಪ್ಪಬೇಡಿ. ವಿಂಡೋಸ್ 2000ಕ್ಕೆ 2010ರಲ್ಲೇ ಅಪ್‌ಡೇಟ್ ನಿಂತಿದೆ. ರೈತರ ಲೆಕ್ಕ ಅದರಲ್ಲಿದೆ ರೀ.

ಹುಬ್ಬಳ್ಳಿ_ಲೆಕ್ಕ:
14,400 ಹತ್ತಿತು, ಸ್ವಲ್ಪ ಹೊತ್ತಿಗೆ ಕಡಿಯಿತು. 2,400ರಲ್ಲಿ ನಿಂತಿದೆ, ಫೈಲ್ ಪೂರ್ತಿ ಬಂತು! ತುಂಬಾ ಧನ್ಯವಾದ. ಅಕ್ಕಾರ, ರೌಟರಿಗೆ ಮಾಲೀಕರು ಹೂಂ ಅಂದಿದ್ದಾರೆ. ಅದು ಬಂದ ಮೇಲೂ ಮೋಡೆಮ್ ಹಾಗೇ ಇರಲಿ, ಇಂಟರ್ನೆಟ್ ಹೋದಾಗ ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿದ್ದೇನೆ. ಸರಿನಾ?

ರಾಣೆಬೆನ್ನೂರಿನ_ಅಕ್ಕ:
ಬರಲ್ಲ. ಈಗ ಫೋನೂ ಇಂಟರ್ನೆಟ್ಟೂ ಒಂದೇ ಫೈಬರಿನಲ್ಲಿವೆ, ರಸ್ತೆ ಅಗೆಯುವಾಗ ಕಡಿದರೆ ಎರಡೂ ಹೋಗುತ್ತವೆ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಫೈಬರ್ ಬಾಕ್ಸಿಗೆ ನಿಮ್ಮ ಕಟ್ಟಡದ ಕರೆಂಟೇ ಬೇಕು, ಕರೆಂಟ್ ಹೋದರೆ ಫೋನೂ ಸತ್ತಂತೆ. ಬಾಕ್ಸ್ ಮತ್ತು ರೌಟರ್ ಎರಡಕ್ಕೂ ಒಂದು ಸಣ್ಣ ಯುಪಿಎಸ್ ಹಾಕಿಸಿ. ರೌಟರ್ ತಗೊಳ್ಳುವಾಗ ಮೊಬೈಲ್ ಸಿಮ್ ಹಾಕುವ ಜಾಗ ಇರೋದನ್ನೇ ತಗೊಳ್ಳಿ, ಫೈಬರ್ ಕಡಿದಾಗ ಅದು ಉಪಯೋಗಕ್ಕೆ ಬರುತ್ತದೆ. ಫೋಲ್ಡರ್ ಕಾಣದಿದ್ದರೆ ಇಲ್ಲೇ ಬರೆಯಿರಿ, ಹೊಸ ವಿಂಡೋಸ್‌ನಲ್ಲಿ ಹಳೇ ಶೇರಿಂಗ್ ಆಫ್ ಆಗಿರುತ್ತದೆ, ಅದನ್ನು ಹೇಗೆ ನಿಭಾಯಿಸೋದು ಅಂತ ಹೇಳುತ್ತೇನೆ.